ಊರ ಕಾವಲು ಯಾರ ಹೊಣೆ?

ಬಸವನ ಬಾಗೇವಾಡಿ, ಸಿಂದಗಿ, ಇಂಡಿ, ಮುದ್ದೇಬಿಹಾಳದ ಹಳ್ಳಿಗಳಲ್ಲಿ ತಳವಾರ, ವಾಲೀಕಾರ ಎಂಬ ಅಡ್ಡಹೆಸರಿನ ಮನೆತನಗಳು ಇಂದಿಗೂ ಉಂಟು. ಪೊಲೀಸ್ ಠಾಣೆಗಳು ಬರುವ ಮುಂಚೆ ಊರು ಕಾಯುತ್ತಿದ್ದವರ ನೆನಪು ಈ ಹೆಸರುಗಳಲ್ಲಿದೆ.

ಪೇಶ್ವೆಗಳ ಕಾಲದಲ್ಲಿ ಕಾವಲಿನ ಮುಖ್ಯಸ್ಥ ಊರ ಗೌಡ. ಅವನ ಕೈಕೆಳಗಿನ ಕಾವಲುಗಾರರಿಗೆ ಇನಾಮು ಹೊಲ ಮತ್ತು ಸುಗ್ಗಿಯಲ್ಲಿ ರೈತರು ಅಳೆದುಕೊಡುವ ಆಯವೇ ಜೀವನಾಧಾರ. ಕಳವಾದರೆ ಕಾವಲುಗಾರ ಕಳ್ಳನ ಹೆಜ್ಜೆಯ ಜಾಡು ಹಿಡಿಯಬೇಕು. ಜಾಡು ಎಲ್ಲೆ ದಾಟಿದ್ದನ್ನು ತೋರಿಸಿಕೊಟ್ಟರೆ ಹೊಣೆ ಪಕ್ಕದ ಊರಿನದು. ತೋರಿಸಲಾಗದಿದ್ದರೆ ನಷ್ಟ ತುಂಬುವ ಭಾರ ಅವನ ಮೇಲೆ, ಅವನಿಂದಾಗದಿದ್ದರೆ ಊರಿನ ಮೇಲೆ. ಪೇಶ್ವೆಗಳಿಂದ ಗೆದ್ದ ಸೀಮೆಯ ಬಗ್ಗೆ 1819ರಲ್ಲಿ ವರದಿ ಬರೆದ ಎಲ್ಫಿನ್‌ಸ್ಟನ್ ಈ ಪದ್ಧತಿಯನ್ನು ವಿವರಿಸಿದ್ದಾನೆ.

ಹಾಗೆಂದು ಅದು ಸುವರ್ಣಯುಗವಾಗಿರಲಿಲ್ಲ. ಕಾವಲು ಹುಟ್ಟಿನಿಂದ ಅಂಟಿಕೊಂಡ ಚಾಕರಿ. ಗೌಡನೇ ಕಳ್ಳರೊಡನೆ ಸೇರಿದರೆ ಬಡವನ ಮೊರೆ ಕೇಳುವವರಿರಲಿಲ್ಲ.

ಮುಂಬಯಿ ಪ್ರಾಂತ್ಯದಲ್ಲಿ 1867ರಲ್ಲಿ ಎರಡು ಕಾಯಿದೆಗಳು ಬಂದವು. ಒಂದು ಜಿಲ್ಲಾ ಪೊಲೀಸರದು, ಇನ್ನೊಂದು ಗ್ರಾಮ ಪೊಲೀಸರದು. ಗೌಡ ‘ಪೊಲೀಸ್ ಪಾಟೀಲ’ನಾಗಿ ಮ್ಯಾಜಿಸ್ಟ್ರೇಟರ ಅಧೀನಕ್ಕೆ ಬಂದ. ಊರಿಗೆ ಉತ್ತರ ಹೇಳುತ್ತಿದ್ದ ಕಾವಲು ಸರ್ಕಾರಕ್ಕೆ ಉತ್ತರ ಹೇಳತೊಡಗಿತು. ಸರ್ಕಾರದ ಸಂಶಯದ ಕಣ್ಣು ಎಷ್ಟು ಕ್ರೂರವಾಗಬಹುದೆಂಬುದಕ್ಕೆ 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯೇ ಸಾಕ್ಷಿ. 1911ರಲ್ಲಿ ಅದು ಮುಂಬಯಿ ಪ್ರಾಂತ್ಯಕ್ಕೂ ವಿಸ್ತರಿಸಿತು. ಇಡೀ ಸಮುದಾಯಗಳೇ ಹುಟ್ಟುಗಳ್ಳರೆನಿಸಿ ಹಾಜರಿ ಹಾಕಬೇಕಾಯಿತು. ಅವರನ್ನು ಕೂಡಿಹಾಕಿದ ವಸಾಹತು ಬಿಜಾಪುರದಲ್ಲೂ ಇತ್ತು. ಆ ಕಾಯಿದೆ ರದ್ದಾದದ್ದು 1952ರಲ್ಲಿ.

1956ರಲ್ಲಿ ಬಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಚಾಕರಿ ಕೊನೆಗೊಂಡಿತು. ಅದೇ ವರ್ಷದ ಪೊಲೀಸ್ ಕಾಯಿದೆ ರಾಜ್ಯಕ್ಕೆಲ್ಲ ಒಂದೇ ಕಟ್ಟಳೆ ತಂದಿತು. ಜನ್ಮದ ಕಟ್ಟು ಹರಿದದ್ದು ಒಳ್ಳೆಯದೇ. ಆದರೆ ಕಾಯುವವನು ಊರಿಗೆ ಜವಾಬು ಹೇಳಬೇಕೆಂಬ ಎಳೆಯೂ ಅದರೊಡನೆ ಹರಿಯಿತು.

ಆ ಎಳೆಯನ್ನು ಹೊಸ ರೀತಿಯಲ್ಲಿ ಜೋಡಿಸುವ ಯತ್ನ ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ನೀಡಿದ ತೀರ್ಪು. ಪೊಲೀಸರ ಮೇಲಿನ ದೂರು ಕೇಳಲು ಪ್ರತ್ಯೇಕ ಪ್ರಾಧಿಕಾರವಿರಬೇಕೆಂದು ಅದು ಆದೇಶಿಸಿತು. ಕರ್ನಾಟಕ 2012ರಲ್ಲಿ ಕಾಯಿದೆ ತಿದ್ದಿ ರಾಜ್ಯ ಮತ್ತು ಜಿಲ್ಲಾ ಮಟ್ಟದ ಪ್ರಾಧಿಕಾರಗಳಿಗೆ ಅವಕಾಶ ಮಾಡಿತು.

ಠಾಣೆ, ಜೀಪು, ಬಂದೂಕು ಹೆಚ್ಚಿಸುವುದಷ್ಟೇ ಸುಧಾರಣೆಯಲ್ಲ. ಅನ್ಯಾಯವಾದಾಗ ಹಳ್ಳಿಯ ಬಡವ ಅಂಜದೆ ಹೋಗಿ ಉತ್ತರ ಕೇಳುವಂತಿರಬೇಕು. ಆಗ ಮಾತ್ರ ಅದು ಊರ ಕಾವಲು.