ಮುನ್ನೂರು ನಾನೂರೈವತ್ತಾದ ಕಥೆ

ಗಣಕಯಂತ್ರದ ಪ್ರೊಸೆಸರನ್ನು ತಯಾರಕರು ಗೊತ್ತುಪಡಿಸಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ದುಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ನನ್ನ ವಿದ್ಯಾರ್ಥಿಗಳಲ್ಲಿ ಈ ವೃತ್ತಿಯನ್ನೇ ಹಿಡಿದವರಿಗೆ ಇದು ಹೊಸ ಮಾತಲ್ಲ. ಆದರೆ 1998ರ ನಂತರದ ಕೆಲವು ವರ್ಷಗಳ ಕಾಲ ಇದು ಕಡಿಮೆ ಹಣವುಳ್ಳವರ ವಿದ್ಯೆಯಾಗಿತ್ತೆಂಬುದೂ ಚಿತ್ತವಾಡ್ಗಿಯ ನಮ್ಮ ಮನೆಯವರೆಗೂ ಬಂದಿತ್ತೆಂಬುದೂ ಕಿರಿಯರಿಗೆ ತಿಳಿದಿರಲಾರದು.

1998ರ ಏಪ್ರಿಲಿನಲ್ಲಿ ಇಂಟೆಲ್ ಸಂಸ್ಥೆಯು ಸೆಲೆರಾನ್ ಎಂಬ ಅಗ್ಗದ ಪ್ರೊಸೆಸರನ್ನು ಹೊರತಂದಿತು. ಬೆಲೆ ಇಳಿಸುವ ಸಲುವಾಗಿ ಅದರಿಂದ ಎರಡನೆಯ ಹಂತದ ಕ್ಯಾಶ್ ಸ್ಮೃತಿಯನ್ನೇ ತೆಗೆದುಹಾಕಿದ್ದರು. ಒಂದೊಂದು ಸೀಮೆಸುಣ್ಣದ ತುಂಡಿಗೂ ತರಗತಿ ಬಿಟ್ಟು ಕಚೇರಿಯ ಬೀರುವಿಗೆ ಹೋಗಿಬರುವ ಮೇಷ್ಟ್ರ ಸ್ಥಿತಿ ಅದರದಾಯಿತು. ಪಂಡಿತರು ನಕ್ಕರು. ಆಗಸ್ಟ್ 24ರಂದು ಬಂದ ಸೆಲೆರಾನ್ 300ಎ ಬೇರೆಯೇ ಆಗಿತ್ತು. ಅದರಲ್ಲಿ 128 ಕಿಲೋಬೈಟ್ ಕ್ಯಾಶ್ ಚಿಪ್ಪಿನ ಒಳಗೇ ಇದ್ದು ಪ್ರೊಸೆಸರಿನ ಪೂರ್ಣ ವೇಗದಲ್ಲಿ ಕೆಲಸ ಮಾಡುತ್ತಿತ್ತು. ದುಬಾರಿಯ ಪೆಂಟಿಯಂ 2ರಲ್ಲಿ 512 ಕಿಲೋಬೈಟ್ ಇದ್ದರೂ ಅದು ಚಿಪ್ಪಿನ ಹೊರಗಿತ್ತು, ಅರ್ಧ ವೇಗದ್ದಾಗಿತ್ತು. ಸಗಟು ದರದಲ್ಲಿ 300ಎಗೆ 149 ಡಾಲರು. ಅದೇ ದಿನ ಬಂದ 450 ಮೆಗಾಹರ್ಟ್ಸ್‌ನ ಪೆಂಟಿಯಂ 2ಕ್ಕೆ 669 ಡಾಲರು.

ಇನ್ನು ಲೆಕ್ಕ. ಪ್ರೊಸೆಸರಿನ ವೇಗವೆಂದರೆ ಮದರ್‌ಬೋರ್ಡಿನ ತಾಳವನ್ನು ಒಂದು ಗುಣಕದಿಂದ ಗುಣಿಸಿದ ಫಲ. 300ಎಯ ತಾಳ 66 ಮೆಗಾಹರ್ಟ್ಸ್, ಗುಣಕ ನಾಲ್ಕೂವರೆ. ಕಡಿಮೆ ವೇಗದ ಚಿಪ್ಪಿನ ಮೇಲಿನ ಅಂಕಿಯನ್ನು ಅಳಿಸಿ ಹೆಚ್ಚಿನದನ್ನು ಅಚ್ಚೊತ್ತಿ ಮಾರುವ ವಂಚಕರು ಆಗ ಹಲವು ದೇಶಗಳಲ್ಲಿದ್ದುದರಿಂದ ಇಂಟೆಲ್ ಗುಣಕಕ್ಕೆ ಬೀಗ ಹಾಕಿತ್ತು. ತಾಳಕ್ಕೆ ಬೀಗವಿರಲಿಲ್ಲ. 100 ಮೆಗಾಹರ್ಟ್ಸ್ ತಾಳದ 440ಬಿಎಕ್ಸ್ ಬೋರ್ಡುಗಳು ಆಗಲೇ ಬಂದಿದ್ದವು. ನೂರನ್ನು ನಾಲ್ಕೂವರೆಯಿಂದ ಗುಣಿಸಿ ನೋಡಿ! ಇಲ್ಲಿ ಇನ್ನೊಂದು ಸೊಗಸೂ ಇದೆ. ಇತರ ಕಾರ್ಡುಗಳು ಸೇರುವ ಪಿಸಿಐ ಮಾರ್ಗಕ್ಕೆ 33 ಮೆಗಾಹರ್ಟ್ಸ್ ಬೇಕು. 66ರ ಅರ್ಧ 33, ನೂರರ ಮೂರನೆಯ ಒಂದು ಪಾಲೂ 33. ನಡುವಿನ 83ನ್ನು ಆರಿಸಿದವರಿಗೆ ಅದು 41ನ್ನು ಮೀರಿ, ಹಾರ್ಡ್ ಡಿಸ್ಕಿನಲ್ಲಿದ್ದ ಬರಹವೇ ಕೆಡುವ ಭಯವಿತ್ತು. ಪೂರ್ತಿ ಜಿಗಿದವನಿಗಿಂತ ಅರ್ಧ ಜಿಗಿದವನಿಗೇ ಅಪಾಯ ಹೆಚ್ಚು.

ಮುನ್ನೂರೆಂದು ಬರೆದ ಚಿಪ್ಪು ನಾನೂರೈವತ್ತನ್ನು ತಾಳಿಕೊಂಡದ್ದು ಹೇಗೆ? ಚಿಪ್ಪುಗಳನ್ನು ತಯಾರಿಸಿದ ಮೇಲೆ ಪರೀಕ್ಷಿಸಿ, ತಾಳುವ ವೇಗವನ್ನು ನೋಡಿ ಅಂಕಿ ಕೊಡುತ್ತಾರೆ. ಆದರೆ ತಯಾರಿಕೆ ಹದಕ್ಕೆ ಬಂದಾಗ ಬಹುಪಾಲು ಚಿಪ್ಪುಗಳು ಉತ್ತಮವಾಗಿಯೇ ಹೊರಬರುತ್ತವೆ. ಮಾರುಕಟ್ಟೆ ಕೇಳುವುದು ಮಾತ್ರ ಅಗ್ಗದ್ದನ್ನು. ಆಗ ಪ್ರಥಮ ದರ್ಜೆಗೆ ಅರ್ಹವಾದದ್ದಕ್ಕೂ ತೃತೀಯ ದರ್ಜೆಯ ಅಂಕಪಟ್ಟಿ ಕೊಟ್ಟು ಕಳುಹಿಸುತ್ತಾರೆ. ದರ್ಜೆ ಬರೆಯುವುದನ್ನೇ ಕಸುಬಾಗಿ ಮಾಡಿಕೊಂಡಿದ್ದ ನನಗೆ ಈ ಸಂಗತಿ ಕೊಂಚ ಕಸಿವಿಸಿ ಉಂಟುಮಾಡಿತೆಂದು ಹೇಳಲೇಬೇಕು.

ನನ್ನ ಅಕ್ಕನ ಮಗ ಆಗ ಇಂಜಿನಿಯರಿಂಗ್ ವಿದ್ಯಾರ್ಥಿ. 1999ರ ಚಳಿಗಾಲದಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಕೊಂಡು ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ತಂದ. ಹಣ ಅಕ್ಕನ ಮನೆಯ ಆ ವರ್ಷದ ಕಬ್ಬಿನದು. ಸುಟ್ಟರೆ ಇನ್ನೊಂದು ಕೊಳ್ಳುವ ಮಾತೇ ಇರಲಿಲ್ಲ. ಹೀಗೆ ಬಳಸಿದ ಚಿಪ್ಪಿಗೆ ಖಾತರಿಯೂ ಇಲ್ಲ. ಆ ಸೆಲೆರಾನ್ ಉದ್ದನೆಯ ಕಾರ್ಡಿನ ರೂಪದಲ್ಲಿದ್ದು, ಅಂಚಿನ ಸಾಲು ಸಂಪರ್ಕಗಳಲ್ಲಿ ಬಿ21 ಎಂಬುದು ತಾಳ ಎಷ್ಟೆಂದು ಬೋರ್ಡಿಗೆ ತಿಳಿಸುತ್ತಿತ್ತು. ಹುಡುಗ ಅದರ ಮೇಲೆ ಸಾಸಿವೆಯಗಲದ ಟೇಪು ಅಂಟಿಸಿದ. ಬೋರ್ಡು ನೂರೆಂದು ತಿಳಿಯಿತು. ತೆರೆಯ ಮೇಲೆ 450 ಎಂದು ಮೂಡಿದಾಗ ಅಕ್ಕ ಮಾತ್ರ, "ಅದರಿಂದ ಏನು ಬರ್ತದ?" ಎಂದಳು. ನಾನು ಬರಹ ತಂತ್ರಾಂಶದಲ್ಲಿ ಬೆರಳಚ್ಚಿಸುತ್ತಿದ್ದ ಕನ್ನಡ ಅಕ್ಷರಗಳು ಎರಡೂ ವೇಗದಲ್ಲಿ ಒಂದೇ ಸಮನಾಗಿ ಮೂಡುತ್ತಿದ್ದುದರಿಂದ ನನ್ನಲ್ಲಿ ಉತ್ತರವಿರಲಿಲ್ಲ. ಅವನ ಪ್ರಾಜೆಕ್ಟಿನ ಲೆಕ್ಕಗಳು ಬೇಗ ಮುಗಿಯುತ್ತಿದ್ದುದು ನಿಜ.

ಕಷ್ಟ ಬಂದದ್ದು ಮಾರ್ಚಿ ಕಳೆದ ಮೇಲೆ. ವೋಲ್ಟೇಜ್ ಬದಲಾಗದಿದ್ದರೆ ಚಿಪ್ಪಿನ ಶಾಖ ವೇಗಕ್ಕೆ ಅನುಪಾತದಲ್ಲಿ ಏರುತ್ತದೆ. ವೇಗ ಒಂದೂವರೆ ಪಟ್ಟಾದರೆ ಶಾಖವೂ ಸುಮಾರು ಒಂದೂವರೆ ಪಟ್ಟು. ಮೂಲ ವೇಗದಲ್ಲಿ ಚಿಪ್ಪು ಸುತ್ತಲಿನ ಗಾಳಿಗಿಂತ 30 ಡಿಗ್ರಿ ಬಿಸಿಯಿರುವುದೆಂದು ಉದಾಹರಣೆಗೆ ಹಿಡಿಯೋಣ. ಏರಿಸಿದಾಗ ಆ ಅಂತರ 45 ಆಗುತ್ತದೆ. 25 ಡಿಗ್ರಿಯ ಕೋಣೆಯಲ್ಲಿ ಚಿಪ್ಪು 70ಕ್ಕೆ ನಿಲ್ಲುವುದು. ಹೊಸಪೇಟೆಯ 40 ಡಿಗ್ರಿಯಲ್ಲಿ ಅದೇ 85. ಆ ಪ್ರೊಸೆಸರಿಗೆ ಹೇಳಿದ್ದ ಮೇಲ್ಮಿತಿಯೂ 85. ಪೆಟ್ಟಿಗೆಯೊಳಗಿನ ಗಾಳಿ ಕೋಣೆಯ ಗಾಳಿಗಿಂತ ಬಿಸಿಯೆಂಬುದನ್ನು ಇನ್ನೂ ಸೇರಿಸಿಲ್ಲ. ತಂಪು ದೇಶಗಳ ಹುಡುಗರು ಬಿಟ್ಟಿಯಾಗಿ ದೊರೆತದ್ದೆಂದು ಸಂಭ್ರಮಿಸಿದ ಆ ಮೀಸಲು, ನಮ್ಮಂತಹ ಊರಿನ ವೈಶಾಖಕ್ಕೂ ಯಂತ್ರ ನಡೆಯಲೆಂದು ಬಿಟ್ಟದ್ದಾಗಿತ್ತು.

ಪೆಟ್ಟಿಗೆಯ ಪಕ್ಕದ ತಗಡು ತೆಗೆದು ಟೇಬಲ್ ಫ್ಯಾನ್ ಹಚ್ಚಿದ್ದಾಯಿತು. ಧೂಳು ತುಂಬಿತೇ ಹೊರತು ಯಂತ್ರ ನಡುನಡುವೆ ಸ್ತಬ್ಧವಾಗುವುದು ನಿಲ್ಲಲಿಲ್ಲ. ಕೊನೆಗೆ ಹುಡುಗ, "ಮಾಮಾ, ಬ್ಯಾಸಿಗಿ ಮುಗಿಯೋ ತನಕ ಮುನ್ನೂರೇ ಇರ್ಲಿ" ಎಂದು ಟೇಪು ಕಿತ್ತ. ಮಳೆ ಬಿದ್ದ ಮೇಲೆ ಮತ್ತೆ ಅಂಟಿಸಿದ. ಹೀಗೆ ನಾಲ್ಕು ವರ್ಷ ಆ ಯಂತ್ರ ಋತುಮಾನಕ್ಕೆ ತಕ್ಕಂತೆ ದುಡಿಯಿತು.

ಅಷ್ಟರಲ್ಲಿ ಎಎಂಡಿ ಸಂಸ್ಥೆಯ ಡ್ಯುರಾನ್ ಬಂದಿತ್ತು, 2000ದ ಜೂನಿನಲ್ಲಿ. ಅದರ ಮೇಲ್ಮೈಯಲ್ಲಿದ್ದ ಎಲ್1 ಎಂಬ ಕತ್ತರಿಸಿದ ಸಂಪರ್ಕಗಳನ್ನು ಪೆನ್ಸಿಲಿನಿಂದ ಗೀಚಿ ಜೋಡಿಸಿದರೆ ಗುಣಕದ ಬೀಗವೇ ತೆರೆಯುತ್ತಿತ್ತು! ಗ್ರಾಫೈಟ್ ವಿದ್ಯುದ್ವಾಹಕವೆಂದು ನಾನು ಎಷ್ಟು ವರ್ಷ ಕಪ್ಪುಹಲಗೆಯ ಮೇಲೆ ಬರೆದಿದ್ದೆನೋ. ಅದರ ಇಷ್ಟು ಚೆಂದದ ಉದಾಹರಣೆ ಪಠ್ಯಪುಸ್ತಕದಲ್ಲಿರಲಿಲ್ಲ. 2001ರ ಅಥ್ಲಾನ್ ಎಕ್ಸ್‌ಪಿಯಲ್ಲಿ ಸಂಪರ್ಕಗಳ ನಡುವೆ ಲೇಸರಿನಿಂದ ಕುಳಿ ತೋಡಿದ್ದರಿಂದ ಪೆನ್ಸಿಲಿನ ಆಟ ಮುಗಿಯಿತು.

2011ರಿಂದ ಇಂಟೆಲ್ ತಾಳವನ್ನೂ ಬಹುಮಟ್ಟಿಗೆ ಕಟ್ಟಿಹಾಕಿ, ಬೀಗವಿಲ್ಲದ ಚಿಪ್ಪುಗಳಿಗೆ 'ಕೆ' ಅಕ್ಷರ ಸೇರಿಸಿ ಹೆಚ್ಚಿನ ಬೆಲೆಗೆ ಮಾರತೊಡಗಿತು. 2014ರಲ್ಲಿ ಪೆಂಟಿಯಂ ಹೆಸರಿಗೆ ಇಪ್ಪತ್ತು ವರ್ಷವಾದ ನೆಪದಲ್ಲಿ ಜಿ3258 ಎಂಬ ಅಗ್ಗದ ಚಿಪ್ಪನ್ನು ಬೀಗವಿಲ್ಲದೆ ಕೊಟ್ಟದ್ದು ಅಪವಾದ. ಇಂದಿನ ಪ್ರೊಸೆಸರುಗಳು ತಮ್ಮ ಉಷ್ಣಾಂಶವನ್ನು ತಾವೇ ಅಳೆದು, ತಂಪಿದ್ದಾಗ ವೇಗ ಏರಿಸಿ ಬಿಸಿಯಾದಾಗ ಇಳಿಸಿಕೊಳ್ಳುತ್ತವೆ. ಮೇ ತಿಂಗಳ ಮಧ್ಯಾಹ್ನ ನಿಮ್ಮ ಕೈಯ ಫೋನು ಮಂಕಾದರೆ, ಒಳಗೆ ಯಾರೋ ಟೇಪು ಕಿತ್ತಿದ್ದಾರೆಂದು ತಿಳಿಯಿರಿ.