ಲಯ ಯಾರ ಕೈಯಲ್ಲಿ?

ವೇದಿಕೆಯ ಮೇಲೆ ಇರುವವರು ಐದು ಜನ. ಸ್ಪೀಕರಿನಿಂದ ಬರುವುದು ಮಾತ್ರ ಪಿಟೀಲುಗಳ ಸಾಲು, ಕೋರಸ್, ಎರಡು ಮೂರು ಪದರದ ಕೀಬೋರ್ಡ್. ಈ ಹೆಚ್ಚುವರಿ ನಾದವೆಲ್ಲ ಮೊದಲೇ ಮುದ್ರಿಸಿಟ್ಟ ಬ್ಯಾಕಿಂಗ್ ಟ್ರ್ಯಾಕ್. ಅದಕ್ಕೆ ಬ್ಯಾಂಡ್ ತಪ್ಪದೆ ಹೊಂದಿಕೊಳ್ಳಲಿ ಎಂದು ಡ್ರಮ್ಮರನ ಕಿವಿಯಲ್ಲಿ ಒಂದೇ ಸಮನೆ ‘ಟಿಕ್ ಟಿಕ್’ ಎನ್ನುವುದು ಕ್ಲಿಕ್ ಟ್ರ್ಯಾಕ್. ಇದು ಮೋಸವೋ ಅಲ್ಲವೋ ಎಂಬ ವಾದ ಎಷ್ಟೋ ವರ್ಷಗಳಿಂದ ನಡೆದೇ ಇದೆ. ಈ ತಂತ್ರ ಬೆಳೆದು ಬಂದ ದಾರಿ ನೋಡಿದರೆ ನನಗೆ ಕಾಡುವ ಪ್ರಶ್ನೆ ಬೇರೆ: ಹಾಡಿನ ಕಾಲಪ್ರಮಾಣವನ್ನು ಹಿಡಿದವರು ಯಾರು?

ಕ್ಲಿಕ್ ಹುಟ್ಟಿದ್ದು ಕಛೇರಿಯಲ್ಲಲ್ಲ, ಕಾರ್ಟೂನ್ ಸ್ಟುಡಿಯೋದಲ್ಲಿ. ವಾಲ್ಟ್ ಡಿಸ್ನಿಯ ‘ಸ್ಟೀಮ್‌ಬೋಟ್ ವಿಲ್ಲಿ’ 1928ರಲ್ಲಿ ಬಂದಾಗ ಚಿತ್ರದ ಪ್ರತಿ ಹೆಜ್ಜೆಗೂ ಸಂಗೀತ ಕೂಡಬೇಕಿತ್ತು. ಮರುವರ್ಷದ ‘ದಿ ಸ್ಕೆಲಿಟನ್ ಡಾನ್ಸ್’ಗೆ ಸಂಗೀತ ಕೊಟ್ಟ ಕಾರ್ಲ್ ಸ್ಟಾಲಿಂಗ್‌ಗೆ ಈ ಟಿಕ್ ಪದ್ಧತಿಯ ಶ್ರೇಯ ಸಾಮಾನ್ಯವಾಗಿ ಸಲ್ಲುತ್ತದೆ. ಲೆಕ್ಕ ಸರಳ. ಸೆಕೆಂಡಿಗೆ 24 ಚೌಕಟ್ಟು ಎಂದರೆ ನಿಮಿಷಕ್ಕೆ 1440. ಫಿಲ್ಮಿನ ಧ್ವನಿಪಟ್ಟಿಯಲ್ಲಿ 12 ಚೌಕಟ್ಟಿಗೊಂದು ತೂತು ಹೊಡೆದರೆ ನಿಮಿಷಕ್ಕೆ 120 ಪೆಟ್ಟು ಕೇಳಿಸುತ್ತದೆ. 1935ರ ‘ದಿ ಇನ್‌ಫಾರ್ಮರ್’ ಚಿತ್ರದಲ್ಲಿ ತೊಟ್ಟಿಕ್ಕುವ ನೀರಿನ ಹನಿಗೆ ಸ್ವರ ಕೂಡಿಸಲು ಮ್ಯಾಕ್ಸ್ ಸ್ಟೈನರ್ ಇದನ್ನೇ ನೆಚ್ಚಿದರು. ಚಿತ್ರ ಯಾರಿಗೂ ಕಾಯುವುದಿಲ್ಲವಾದ್ದರಿಂದ ವಾದ್ಯಗಾರರೇ ಬಗ್ಗಬೇಕಾಯಿತು.

ರಾಕ್ ವೇದಿಕೆಗೆ ಈ ಶಿಸ್ತು ಬಂದದ್ದು ಬಹಳ ತಡವಾಗಿ, ಅದೂ ಅತ್ಯಂತ ಅಶಿಸ್ತಿನ ಡ್ರಮ್ಮರನೊಬ್ಬನ ತಲೆಗೇರಿ. ಬ್ರಿಟನ್ನಿನ ‘ದಿ ಹೂ’ ತಂಡದ 1971ರ ‘ಹೂಸ್ ನೆಕ್ಸ್ಟ್’ ಆಲ್ಬಂನ ಎರಡು ಹಾಡುಗಳಲ್ಲಿ ವಿದ್ಯುನ್ಮಾನ ವಾದ್ಯದ ಸುತ್ತಿ ಸುತ್ತಿ ಬರುವ ನುಡಿಕೆಯೇ ಜೀವಾಳ. ಅದನ್ನು ವೇದಿಕೆಯಲ್ಲಿ ಕೈಯಿಂದ ನುಡಿಸುವುದು ಆಗದ ಮಾತು, ಟೇಪ್ ಹಾಕಿದರು. ಕೀತ್ ಮೂನ್ ಹೆಡ್‌ಫೋನ್ ಹಾಕಿಕೊಂಡು ಟೇಪಿನ ಹಿಂದೆ ಡ್ರಮ್ ಬಾರಿಸಿದ. ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. 1973ರ ‘ಕ್ವಾಡ್ರೊಫೀನಿಯ’ ಪ್ರವಾಸದಲ್ಲಿ ಟೇಪುಗಳ ಹೊರೆ ಹೆಚ್ಚಿತು. ನವೆಂಬರಿನಲ್ಲಿ ನ್ಯೂಕ್ಯಾಸಲ್ ಊರಿನ ಪ್ರದರ್ಶನದಲ್ಲಿ ಟೇಪಿಗೂ ತಂಡಕ್ಕೂ ತಾಳ ತಪ್ಪಿ, ಗಿಟಾರ್ ವಾದಕ ಪೀಟ್ ಟೌನ್‌ಶೆಂಡ್ ಸಿಟ್ಟಿಗೆದ್ದು ಧ್ವನಿ ನಿರ್ವಾಹಕನ ಮೇಲೇರಿ ಹೋದರು, ಉಪಕರಣಗಳನ್ನು ಕಿತ್ತು ಹಾಕಿದರು. ಟೇಪಿಗೆ ಕಿವಿಯಿಲ್ಲ. ಬ್ಯಾಂಡ್ ಒಂದು ಮಾತ್ರೆ ಹಿಂದೆ ಬಿದ್ದರೆ ಅದು ತಿರುಗಿ ನೋಡುವುದಿಲ್ಲ.

ಬೇರೆಯವರು ಬೇರೆ ದಾರಿ ಹಿಡಿದರು. ‘ಬೊಹೀಮಿಯನ್ ರ‍್ಯಾಪ್ಸಡಿ’ಯ ಆಪೆರಾ ಭಾಗದಲ್ಲಿ ಪದರ ಪದರವಾಗಿ ಕೂಡಿಸಿದ ಕಂಠಗಳನ್ನು ನಾಲ್ವರು ಹಾಡಲಾರರು. ಕ್ವೀನ್ ತಂಡ ಆ ಭಾಗ ಬಂದಾಗ ವೇದಿಕೆಯಿಂದಲೇ ಇಳಿದು ಹೋಗುತ್ತಿತ್ತು, ಟೇಪ್ ಮುಗಿದ ಮೇಲೆ ಬಂದು ಗಿಟಾರ್ ಎತ್ತಿಕೊಳ್ಳುತ್ತಿತ್ತು. ಇಷ್ಟು ನೇರವಾದ ಪರಿಹಾರ ಆಮೇಲೆ ಯಾರಿಗೂ ಹೊಳೆಯಲಿಲ್ಲವೇನೋ. 1978ರಲ್ಲಿ ಲಿವರ್‌ಪೂಲಿನಲ್ಲಿ ಮೊದಲ ಕಾರ್ಯಕ್ರಮ ಕೊಟ್ಟ ‘ಒಎಂಡಿ’ಯ ಇಬ್ಬರು ಗೆಳೆಯರಂತೂ ಟೇಪ್ ರೆಕಾರ್ಡರನ್ನೇ ಮೂರನೆಯ ಸದಸ್ಯನಂತೆ ಎಲ್ಲರಿಗೂ ಕಾಣುವಂತೆ ಇಟ್ಟರು, ಅದಕ್ಕೆ ವಿನ್‌ಸ್ಟನ್ ಎಂಬ ಹೆಸರೂ ಇತ್ತು.

ಸಣ್ಣ ತಂಡಗಳು ಇಂದಿಗೂ ಬಳಸುವ ಉಪಾಯ ಸ್ಟೀರಿಯೊ ಧ್ವನಿಯನ್ನು ಸೀಳುವುದು. ಎಡ ಚಾನೆಲ್ಲಿನಲ್ಲಿ ಕ್ಲಿಕ್, ಅದು ಡ್ರಮ್ಮರನ ಕಿವಿಗೆ. ಬಲ ಚಾನೆಲ್ಲಿನಲ್ಲಿ ಸಂಗೀತ, ಅದು ಸಭೆಗೆ. ಕೇಬಲ್ ಅದಲು ಬದಲಾದರೆ ಇಡೀ ಸಭೆಗೆ ಟಿಕ್ ಟಿಕ್! 1992ರಲ್ಲಿ ಮಾರುಕಟ್ಟೆಗೆ ಬಂದ ಅಲೆಸಿಸ್ ಕಂಪನಿಯ ಎಡ್ಯಾಟ್ ಯಂತ್ರ ವಿಡಿಯೊ ಕ್ಯಾಸೆಟ್ಟಿನಂಥ ಟೇಪಿನಲ್ಲೇ ಎಂಟು ಟ್ರ್ಯಾಕ್ ಕೊಟ್ಟಿತು. 90ರ ದಶಕದಲ್ಲಿ ಕಿವಿಯೊಳಗೆ ಕೂರುವ ಮಾನಿಟರ್‌ಗಳು ಬಂದಮೇಲೆ ಕ್ಲಿಕ್ ಡ್ರಮ್ಮರನೊಬ್ಬನ ಸೊತ್ತಾಗಿ ಉಳಿಯಲಿಲ್ಲ, ಹಾಡುವವರಿಗೂ ಕೇಳತೊಡಗಿತು. ಅದರ ಜೊತೆಗೆ ‘ಚರಣ, ಎರಡು, ಮೂರು, ನಾಲ್ಕು’ ಎಂದು ಎಚ್ಚರಿಸುವ ದನಿಯೂ ಸೇರಿತು. ಈಗ ದೊಡ್ಡ ಪ್ರವಾಸಗಳಲ್ಲಿ ಟ್ರ್ಯಾಕ್ ನಡೆಸುವ ಗಣಕದಿಂದಲೇ ಹೊರಡುವ ಟೈಮ್‌ಕೋಡ್ ಎಂಬ ಕಾಲಸಂಕೇತ ದೀಪ, ಪರದೆಯ ಚಿತ್ರ, ಬೆಂಕಿಯ ಚಿಲುಮೆ ಎಲ್ಲವನ್ನೂ ನಡೆಸುತ್ತದೆ. ಒಂದು ಲ್ಯಾಪ್‌ಟಾಪ್ ಕೆಟ್ಟರೆ ತಾನಾಗಿ ಇನ್ನೊಂದಕ್ಕೆ ಹಾರುವ ವ್ಯವಸ್ಥೆಯೂ ಇರುತ್ತದೆ. ಗಾಯಕ ಸಾಲು ಮರೆತರೆ ಹಾರಿಕೊಳ್ಳಲು ಇನ್ನೊಬ್ಬ ಗಾಯಕನಿಲ್ಲ, ಅದು ಬೇರೆ ಮಾತು.

ಹಗರಣಗಳ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. 1989ರ ಜುಲೈನಲ್ಲಿ ಅಮೆರಿಕದ ಬ್ರಿಸ್ಟಲ್‌ನಲ್ಲಿ ಮಿಲಿ ವನಿಲಿ ಜೋಡಿಯ ಟ್ರ್ಯಾಕ್ ಒಂದೇ ಸಾಲಿನಲ್ಲಿ ಸಿಕ್ಕಿಕೊಂಡಿತು. ಆಲ್ಬಂನಲ್ಲಿ ಹಾಡಿದವರೂ ಅವರಲ್ಲವೆಂದು ಬಯಲಾದ ಮೇಲೆ 1990ರ ನವೆಂಬರಿನಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನು ಹಿಂತೆಗೆದುಕೊಂಡರು. 2004ರಲ್ಲಿ ಟಿವಿ ನೇರಪ್ರಸಾರದಲ್ಲಿ ಗಾಯಕಿ ಆಶ್ಲಿ ಸಿಂಪ್ಸನ್ ಮೈಕ್ ಎತ್ತುವ ಮುಂಚೆಯೇ ಬೇರೊಂದು ಹಾಡಿನಲ್ಲಿ ಅವರ ಕಂಠ ಕೇಳಿಬಂತು. ಪಿಟೀಲು ಎಲ್ಲಿಂದ ಬಂತೆಂದು ಕೇಳದ ಪ್ರೇಕ್ಷಕರು ಕಂಠದ ವಿಷಯದಲ್ಲಿ ಕ್ಷಮಿಸುವುದಿಲ್ಲ. ಯೂರೋವಿಷನ್ ಸ್ಪರ್ಧೆಯ ನಿಯಮಗಳಲ್ಲೂ ಇದೇ ಭಾವ: 1999ರಲ್ಲಿ ಆರ್ಕೆಸ್ಟ್ರಾವನ್ನೇ ಕೈಬಿಟ್ಟರು, ಆದರೆ ಹಾಡುವುದು ನೇರವಾಗಿಯೇ ಆಗಬೇಕಿತ್ತು. 2021ರಲ್ಲಿ ಹಿನ್ನೆಲೆ ಕಂಠಗಳಿಗೆ ವಿನಾಯಿತಿ ಸಿಕ್ಕಿತು, ಮುಖ್ಯ ಗಾಯಕರಿಗೆ ಸಿಗಲಿಲ್ಲ. ಪಿಟೀಲಿನವರ ಹೊಟ್ಟೆಪಾಡಿನ ಪ್ರಶ್ನೆ ಎದ್ದದ್ದು ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ. 2003ರ ಮಾರ್ಚಿನಲ್ಲಿ ನಾಟಕಗೃಹದಲ್ಲಿ ಕನಿಷ್ಠ ಎಷ್ಟು ವಾದ್ಯಗಾರರಿರಬೇಕು ಎಂಬ ವಿಷಯಕ್ಕೆ ಅವರು ಮುಷ್ಕರ ಹೂಡಿದಾಗ, ಅವರಿಗೆ ಬದಲಾಗಿ ನುಡಿಸಲು ಗಣಕದ ಆರ್ಕೆಸ್ಟ್ರಾ ಸಿದ್ಧವಾಗಿ ನಿಂತಿತ್ತು.

ನಮ್ಮಲ್ಲಿ ಕಥೆ ಸ್ವಲ್ಪ ಬೇರೆ. ಬೆಂಗಳೂರಿನ ರಾಡೆಲ್ ಸಂಸ್ಥೆಯ ಜಿ. ರಾಜ್ ನಾರಾಯಣ್ 1979ರ ಸುಮಾರಿಗೆ ಎಲೆಕ್ಟ್ರಾನಿಕ್ ಶ್ರುತಿವಾದ್ಯ ತಂದರು. ಮುಂದೆ ತಾಳ ಹಾಕುವ ಯಂತ್ರಗಳೂ ಬಂದವು. ಕರ್ನಾಟಕ ಸಂಗೀತ ಶ್ರುತಿಪೆಟ್ಟಿಗೆಯನ್ನು ಕಛೇರಿಗೆ ಕರೆದುಕೊಂಡಿತು, ತಾಳದ ಯಂತ್ರವನ್ನು ಅಭ್ಯಾಸದ ಕೋಣೆಯಲ್ಲೇ ಬಿಟ್ಟಿತು. ಇದರಲ್ಲಿ ವಿವೇಕವಿದೆ. ಶ್ರುತಿ ಅಲುಗಬಾರದು, ಲಯವಾದರೋ ಗಾಯಕ, ಮೃದಂಗ, ತೊಡೆಯ ಮೇಲಿನ ಕೈ ಇವುಗಳ ನಡುವೆ ಆ ಕ್ಷಣದಲ್ಲಿ ತೀರ್ಮಾನವಾಗುವಂಥದ್ದು.

ಗಣೇಶೋತ್ಸವ, ರಾಜ್ಯೋತ್ಸವಗಳ ಆರ್ಕೆಸ್ಟ್ರಾ ತಂಡಗಳಿಗೆ ಇಂಥ ಮಡಿಯಿಲ್ಲ. ಕೀಬೋರ್ಡಿನ ರಿದಂ, ಆಕ್ಟೊಪ್ಯಾಡ್ ಎರಡನ್ನೂ ಕಣ್ಣಿಗೊತ್ತಿಕೊಂಡವು. ಇಲ್ಲಿ ಒಂದು ಸೂಕ್ಷ್ಮವಿದೆ. ಕೀಬೋರ್ಡಿನ ರಿದಂ ಯಂತ್ರವೇ ಆದರೂ ವಾದಕನ ಬೆರಳಿನ ಮಾತು ಕೇಳುತ್ತದೆ. ಸಭೆ ‘ಒನ್ಸ್ ಮೋರ್’ ಎಂದರೆ ಆತ ಅದನ್ನು ಓಡಲು ಬಿಟ್ಟು ಗಾಯಕಿಗೆ ಕಣ್ಣಲ್ಲೇ ಹೇಳುತ್ತಾನೆ, ಪಲ್ಲವಿ ಮತ್ತೆ ಎತ್ತುತ್ತದೆ. ಮೊಬೈಲಿನ ಕರೋಕೆ ಟ್ರ್ಯಾಕಿನಲ್ಲಿ ಈ ಸೌಕರ್ಯವಿಲ್ಲ. ಒನ್ಸ್ ಮೋರ್ ಎಂದರೆ ಇಡೀ ಹಾಡು ಮೊದಲಿನಿಂದ. ಖರ್ಚು ಉಳಿಯಿತು, ತಬಲ ಮತ್ತು ಕೊಳಲಿನವರಿಗೆ ಕರೆ ಬರುವುದು ಕಡಿಮೆಯಾಯಿತು.

ಇತ್ತೀಚಿನ ತಂತ್ರಜ್ಞಾನದ ಓಟವೆಲ್ಲ ಟೇಪ್ ಕಸಿದುಕೊಂಡ ಸ್ವಾತಂತ್ರ್ಯವನ್ನು ಸ್ವಲ್ಪ ಸ್ವಲ್ಪವಾಗಿ ಹಿಂದಿರುಗಿಸುವ ಕಡೆಗಿದೆ. ಬರ್ಲಿನ್ನಿನಿಂದ 2001ರಲ್ಲಿ ಹೊರಬಂದ ‘ಏಬಲ್ಟನ್ ಲೈವ್’ ಎಂಬ ತಂತ್ರಾಂಶ ಹಾಡನ್ನು ತುಂಡು ತುಂಡಾಗಿ ಇಟ್ಟುಕೊಂಡು ಬೇಕಾದಾಗ ಬೇಕಾದ ತುಂಡಿಗೆ ಹೋಗಲು ಅವಕಾಶ ಕೊಟ್ಟಿತು. ಅದರ 2021ರ ಹನ್ನೊಂದನೆಯ ಆವೃತ್ತಿ ಡ್ರಮ್ಮಿನ ಸದ್ದು ಕೇಳಿಸಿಕೊಂಡು ತನ್ನ ವೇಗವನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಕೀತ್ ಮೂನ್ ಟೇಪಿನ ಹಿಂದೆ ಓಡಿದ್ದರೆ, ಇಲ್ಲಿ ಟ್ರ್ಯಾಕೇ ಡ್ರಮ್ಮರನ ಹಿಂದೆ ಬರುತ್ತದೆ. ಆದರೆ ಬೇಗ, ನಿಧಾನಗಳನ್ನಷ್ಟೇ ಅದು ಹಿಂಬಾಲಿಸಬಲ್ಲದು. ಗಾಯಕಿ ಹುಮ್ಮಸ್ಸಿನಲ್ಲಿ ಚರಣವನ್ನು ಎರಡನೆಯ ಸಲ ಎತ್ತಿಕೊಂಡರೆ ಯಾರಾದರೂ ಕಾಲಲ್ಲಿ ಪೆಡಲ್ ಒತ್ತಿ ಗಣಕಕ್ಕೆ ತಿಳಿಸಬೇಕು, ಸಾಮಾನ್ಯವಾಗಿ ಆ ಕೆಲಸವೂ ಡ್ರಮ್ಮರನ ಪಾಲಿಗೇ ಬರುತ್ತದೆ.