ಬೀಗದ ಕೈ ಯಾರದ್ದು? ಸ್ಟೀಫನ್ ಮತ್ತು ಸಿಪ್ರಿಯನ್ ಜಗಳ

ಪೋಪ್ ಅಧಿಕಾರಕ್ಕೆ ಬೈಬಲ್‌ನಲ್ಲಿ ಆಧಾರ ಎಲ್ಲಿದೆ ಅಂತ ಕೇಳಿದ್ರೆ ಕ್ಯಾಥೊಲಿಕರು ಮೊದಲು ತೆಗೆಯೋದು ಮತ್ತಾಯ 16ನೇ ಅಧ್ಯಾಯ. ಅಲ್ಲಿ ಯೇಸು ಶಿಷ್ಯ ಸೀಮೋನನನ್ನು ಪೇತ್ರ, ಅಂದರೆ ಬಂಡೆ, ಅಂತ ಕರೆದು ಸ್ವರ್ಗರಾಜ್ಯದ ಬೀಗದ ಕೈ ಕೊಡೋದಾಗಿ ಹೇಳ್ತಾರೆ. ಬೀಗದ ಕೈ ಯಾಕೆ? ಯೆಶಾಯ 22 ನೋಡಿ. ದಾವೀದನ ಮನೆತನದ ಬೀಗದ ಕೈ ಶೆಬ್ನನ ನಂತರ ಎಲ್ಯಾಕೀಮನ ಹೆಗಲಿಗೆ ಬರುತ್ತೆ. ಮ್ಯಾನೇಜರ್ ಬದಲಾದ್ರೂ ಪೋಸ್ಟ್ ಉಳಿಯುತ್ತಲ್ಲ, ಹಾಗೆ. ಕ್ಯಾಥೊಲಿಕ್ ವಾದದ ನಿಜವಾದ ಬಲ ಇಲ್ಲೇ ಇದೆ ಅಂತ ನನಗನಿಸುತ್ತೆ. ಬಂಡೆ ಬಗೆಗಿನ ಗ್ರೀಕ್ ವ್ಯಾಕರಣದ ಜಗಳ ಮುಗಿಯೋದಲ್ಲ, ಬಿಡಿ.

ಈಗ ಕ್ರಿ.ಶ. 256ಕ್ಕೆ ಬನ್ನಿ. ಧರ್ಮಸಭೆ ಬಿಟ್ಟು ಬೇರೆ ಪಂಗಡ ಕಟ್ಟಿದವರು ಕೊಟ್ಟ ದೀಕ್ಷಾಸ್ನಾನ ಲೆಕ್ಕಕ್ಕೆ ಬರುತ್ತಾ, ಇಲ್ಲ ವಾಪಸ್ ಬಂದವರು ಮತ್ತೆ ಮಾಡಿಸ್ಕೊಬೇಕಾ? ಬರುತ್ತೆ ಅಂದರು ರೋಮ್‌ನ ಬಿಷಪ್ ಸ್ಟೀಫನ್. ತಾನು ಪೇತ್ರನ ಉತ್ತರಾಧಿಕಾರಿ ಅನ್ನೋದು ಅವರ ಪಟ್ಟು. ಇದು ನಮಗೆ ಗೊತ್ತಾಗೋದು ಅವರ ವಿರೋಧಿ ಫರ್ಮಿಲಿಯನ್ ಬರೆದ ಸಿಟ್ಟಿನ ಪತ್ರದಿಂದ! ಉತ್ತರ ಆಫ್ರಿಕಾದ ಕಾರ್ಥೇಜ್‌ನ ಬಿಷಪ್ ಸಿಪ್ರಿಯನ್ ಒಪ್ಪಲಿಲ್ಲ. ಧರ್ಮಸಭೆ ಪೇತ್ರನ ಮೇಲೆ ನಿಂತಿದೆ ಅಂತ ಐದು ವರ್ಷ ಮೊದಲು ಬರೆದವರೂ ಅವರೇ. ಆದರೆ ಅವರ ಓದಿನಲ್ಲಿ ಪೇತ್ರ ಎಲ್ಲ ಬಿಷಪರ ಒಗ್ಗಟ್ಟಿನ ಗುರುತು, ರೋಮ್ ಒಂದರ ಸ್ವತ್ತಲ್ಲ. ಆ ಸೆಪ್ಟೆಂಬರ್ 1ರಂದು ಕಾರ್ಥೇಜ್‌ನಲ್ಲಿ ಸೇರಿದ 80ಕ್ಕೂ ಹೆಚ್ಚು ಬಿಷಪರು ಸಿಪ್ರಿಯನ್ ಪರ ನಿಂತರು.

257ರಲ್ಲಿ ಸ್ಟೀಫನ್ ತೀರಿಕೊಂಡರು. ಮರುವರ್ಷ ರೋಮನ್ ಸರ್ಕಾರ ಸಿಪ್ರಿಯನ್ ತಲೆ ಕಡಿಸಿತು. ದೀಕ್ಷಾಸ್ನಾನದ ವಿಷಯದಲ್ಲಿ ಪಶ್ಚಿಮದಲ್ಲಿ ಕೊನೆಗೆ ಉಳಿದದ್ದು ರೋಮ್‌ನ ಪದ್ಧತಿಯೇ. ಇಬ್ಬರೂ ಕ್ಯಾಥೊಲಿಕರಿಗೆ ಸಂತರು. 1870ರಲ್ಲಿ ಮೊದಲ ವ್ಯಾಟಿಕನ್ ಮಹಾಸಭೆ ಪೋಪ್ ಅಧಿಕಾರವನ್ನು ಘೋಷಿಸಿದಾಗಲೂ ಮುಂದಿಟ್ಟದ್ದು ಇದೇ ಮತ್ತಾಯ 16.